ಬ್ಯಾಲೆ ಪುಸ್ತಕ ಆರಿಸೋವಾಗ ಫೀ ಯಾರು ಕಟ್ತಾರೆ ನೋಡಿ

ಪ್ರಶ್ನೆ: ನಾನು ಅಂಕೋಲಾ ಹತ್ರದ ಒಂದು ಸರ್ಕಾರಿ ಶಾಲೇಲಿ ಟೀಚರ್. ಆರನೇ ಕ್ಲಾಸಿನ ಒಬ್ಬಳು ಹುಡುಗಿ ಅಪ್ಪನ ಮೊಬೈಲಲ್ಲಿ ಬ್ಯಾಲೆ ಅನ್ನೋ ಪಾಶ್ಚಾತ್ಯ ನೃತ್ಯ ನೋಡ್ಕೊಂಡು ಬಂದು ಕ್ಲಾಸಲ್ಲಿ ಕಾಲ್ಬೆರಳ ತುದಿ ಮೇಲೆ ನಿಲ್ಲೋಕೆ ನೋಡ್ತಾಳೆ, "ಅಕ್ಕೋರೇ, ಇದ್ರ ಮೇಲೆ ಕಥೆ ಪುಸ್ತಕ ಇದ್ಯಾ" ಅಂತ ದಿನಾ ಕೇಳ್ತಾಳೆ. ಯಕ್ಷಗಾನ ಆಟದಲ್ಲಿ ಬಾಲಗೋಪಾಲ ವೇಷ ಮಾಡೋ ಮಾಣಿ ಒಬ್ಬ ಇದಾನೆ, ಅವ್ನು ಅದು ಹುಡ್ಗೀರ ಕುಣಿತ ಅಂತ ನಗಾಡ್ತಾನೆ. ಬ್ಯಾಲೆ ಮೇಲೆ ಒಳ್ಳೆ ಮಕ್ಕಳ ಪುಸ್ತಕ, ಕಾದಂಬರಿ ಯಾವ್ದು? ಬ್ಯಾಲೆನೇ ನೋಡದ ನಮ್ಮ ಮಕ್ಕಳಿಗೆ ಅದು ಅರ್ಥ ಆಗತ್ತಾ? ನನಗೆ ಓದೋಕೂ ಒಂದೆರಡು ಹೇಳಿ.

ಉತ್ತರ: ಅಕ್ಕೋರೇ, ಪುಸ್ತಕದ ಮಾತು ಆಮೇಲೆ, ಮೊದ್ಲು ಆ ಕೂಸಿಗೆ ಬೆರಳ ತುದಿ ಮೇಲೆ ನಿಲ್ಲೋದು ಬಿಡು ಅಂತ ಹೇಳಿ. ವಿಡಿಯೋದಲ್ಲಿ ಅವ್ರು ನಿಲ್ಲೋದು ಬರಿಗಾಲಲ್ಲಿ ಅಲ್ಲ, ಪಾಯಿಂಟ್ ಶೂ ಅಂತ ಬೇರೆನೇ ಇದೆ, ಅದ್ರ ಮುಂದಿನ ತುದೀಲಿ ಬಟ್ಟೆ ಕಾಗದ ಅಂಟು ಪದರ ಪದರ ಹಾಕಿ ಒಣಗಿಸಿ ಗಟ್ಟಿ ಮಾಡಿರ್ತಾರೆ, ಅಡೀಲಿ ಗಟ್ಟಿ ಪಟ್ಟಿ, ಮೇಲಿಂದ ಸ್ಯಾಟಿನ್ ಬಟ್ಟೆ. ಅದನ್ನೂ ಸಾಮಾನ್ಯವಾಗಿ 11-12 ವರ್ಷ ಆಗೋವರೆಗೆ ಕಾಲಿಗೆ ಹಾಕ್ಸೋದಿಲ್ಲ, ಅದೂ ಕೆಲವು ವರ್ಷ ಮೆತ್ತನೆ ಶೂನಲ್ಲಿ ಕಲಿತು, ಟೀಚರು ಪಾದ, ಕಾಲಿನ ಬಲ ನೋಡಿ ಆಯ್ತು ಅಂದ್ಮೇಲೆ. ಮೂಳೆ ಇನ್ನೂ ಬೆಳೀತಾ ಇರೋ ವಯಸ್ಸು ಅದು, ಸುಮ್ನೆ ಪೆಟ್ಟು ಮಾಡ್ಕೊಳ್ತಾಳೆ. ಅಷ್ಟು ಕಷ್ಟಪಟ್ಟು ಮಾಡಿದ ಶೂ ಎಷ್ಟು ದಿನ ಬರತ್ತೆ ಅಂತೀರಿ, ದೊಡ್ಡ ಕಂಪನಿಯ ಮುಖ್ಯ ಡಾನ್ಸರು ಒಂದು ದೊಡ್ಡ ಶೋ ಮುಗಿಯೋಷ್ಟರಲ್ಲಿ ಒಂದು ಜೊತೆ ಪೂರಾ ಮೆತ್ತಗೆ ಮಾಡಿ ಬಿಸಾಕೋದೂ ಉಂಟು.

ಈ ಶೂ ಪುರಾಣ ಸುಮ್ನೆ ತೆಗೀಲಿಲ್ಲ. ಬ್ಯಾಲೆ ಅಂದ್ರೆ ದುಡ್ಡು ಬೇಕು, ಮೈ ಬೇಕು, ವರ್ಷಗಟ್ಲೆ ಒಂದೇ ಹೆಜ್ಜೆ ತಿದ್ದೋ ಟೀಚರ್ ಬೇಕು. ಈಗ ಆನ್‌ಲೈನಲ್ಲಿ ಬ್ಯಾಲೆ ಮಕ್ಕಳ ಪುಸ್ತಕ ಅಂತ ಹುಡುಕಿದ್ರೆ ರಾಶಿ ರಾಶಿ ಬರತ್ತೆ, ಮುಕ್ಕಾಲು ಪಾಲು ಪಿಂಕ್ ಫ್ರಾಕು, ಮಿನುಗು, ಒಂದು ಕೂಸು ಕನಸು ಕಂಡ್ತು, ಕೊನೆಗೆ ಸ್ಟೇಜ್ ಹತ್ತಿತು, ಎಲ್ಲರೂ ಚಪ್ಪಾಳೆ ತಟ್ಟಿದ್ರು, ಮುಗೀತು. ಇಷ್ಟು ವರ್ಷ ಮಕ್ಕಳ ಪುಸ್ತಕ ಓದ್ತಾ ಬಂದ ಮೇಲೆ ನಾನು ಇಟ್ಕೊಂಡ ಪರೀಕ್ಷೆ ಒಂದೇ, ಈ ಕಥೇಲಿ ಕ್ಲಾಸಿನ ಫೀ ಯಾರು ಕಟ್ತಾರೆ ಅನ್ನೋದು ಎಲ್ಲಾದ್ರೂ ಬರತ್ತಾ? ಬರೋದೇ ಇಲ್ಲ ಅಂದ್ರೆ ಸಾಮಾನ್ಯವಾಗಿ ಆ ಪುಸ್ತಕ ವಾಪಸ್ ಇಡ್ತೇನೆ. ಪುಟಾಣಿಗಳ ಚಿತ್ರಪುಸ್ತಕಕ್ಕೆ ಈ ರೂಲ್ ಬೇಡ ಬಿಡಿ.

ಈ ಪರೀಕ್ಷೇಲಿ ಫಸ್ಟ್ ಕ್ಲಾಸಲ್ಲಿ ಪಾಸಾಗೋದು ನೋಯೆಲ್ ಸ್ಟ್ರೆಟ್‌ಫೀಲ್ಡ್ ಬರೆದ 'ಬ್ಯಾಲೆ ಶೂಸ್', 1936ರದ್ದು, ಲಂಡನ್ನಿನ ಕಥೆ. ಚಿತ್ರ ಬರೆದವರು ಲೇಖಕಿಯ ಸ್ವಂತ ಅಕ್ಕ ರೂತ್ ಗರ್ವಿಸ್. ಪಳೆಯುಳಿಕೆ ಹುಡುಕ್ತಾ ಊರೂರು ಅಲೆಯೋ ಒಬ್ಬ ಅಜ್ಜ, ಪ್ರವಾಸಕ್ಕೆ ಹೋದಾಗೆಲ್ಲ ಒಂದೊಂದು ಅನಾಥ ಕೂಸು ತಂದು ಮನೇಲಿ ಬಿಡ್ತಾನೆ, ಪಾಲಿನ್, ಪೆಟ್ರೋವಾ, ಪೋಸಿ ಅಂತ ಮೂರು ಜನ, ಕೊನೇದು ಬರೋವಾಗ ಜೊತೇಲಿ ಒಂದು ಜೊತೆ ಬ್ಯಾಲೆ ಶೂ ಬಂದಿರತ್ತೆ. ಆಮೇಲೆ ಆ ಪುಣ್ಯಾತ್ಮ ಹಡಗು ಹತ್ತಿ ಹೋದವ ವರ್ಷಗಟ್ಲೆ ಪತ್ತೆನೇ ಇಲ್ಲ. ಬಿಟ್ಟು ಹೋದ ದುಡ್ಡು ಖರ್ಚಾಗ್ತಾ ಬರತ್ತೆ. ಮನೆ ನೋಡ್ಕೊಳ್ಳೋ ಸಿಲ್ವಿಯಾ ರೂಮುಗಳನ್ನ ಬಾಡಿಗೆಗೆ ಕೊಡ್ತಾಳೆ, ಬಾಡಿಗೆಗೆ ಬಂದವರಲ್ಲಿ ಒಬ್ಬಳು ಡಾನ್ಸ್ ಟೀಚರ್, ಅವಳ ದೆಸೆಯಿಂದ ಮೂರೂ ಮಕ್ಕಳು ಸ್ಟೇಜ್ ಕಲಿಸೋ ಶಾಲೆ ಸೇರ್ತಾರೆ. ಸೇರೋದು ಕಲೆ ಮೇಲಿನ ಪ್ರೀತಿಗಲ್ಲ, ಮುಂದೆ ಹೊಟ್ಟೆಪಾಡಿಗೆ ಏನಾದ್ರೂ ಒಂದು ದಾರಿ ಬೇಕಲ್ಲ ಅಂತ. 12 ವರ್ಷ ತುಂಬಿದ್ಮೇಲೆ ಲೈಸೆನ್ಸ್ ತಗೊಂಡು ನಾಟಕದಲ್ಲಿ ದುಡಿಯೋದು, ಬಂದ ಸಂಬಳದಲ್ಲಿ ಮನೆಗೆಷ್ಟು, ಪೋಸ್ಟ್ ಆಫೀಸಿನ ಉಳಿತಾಯ ಖಾತೆಗೆಷ್ಟು ಅಂತ ಲೆಕ್ಕ. ಒಂದು ಸಲ ಆಡಿಶನ್ನಿಗೆ ಹಾಕ್ಕೊಳ್ಳೋಕೆ ಫ್ರಾಕ್ ಇಲ್ಲ, ಕೊರಳಲ್ಲಿದ್ದ ಸರ ಬಾಡಿಗೆಯವನ ಹತ್ರ ಒತ್ತೆ ಇಟ್ಟು ಬಟ್ಟೆ ತರ್ತಾರೆ. ಇದನ್ನ ನಮ್ಮ ಮಕ್ಕಳಿಗೆ ವಿವರಿಸಿ ಹೇಳೋದೇ ಬೇಡ, ಒತ್ತೆ ಅಂದ್ರೆ ಎಂತದು ಅಂತ ಪ್ರತಿ ಮನೇಲೂ ಗೊತ್ತು.

ಇನ್ನೊಂದು ಪಾತ್ರ ನೋಡಿ, ವಿನಿಫ್ರೆಡ್ ಅಂತ ಒಬ್ಬಳು ಹುಡುಗಿ ಬರ್ತಾಳೆ. ಪಾಲಿನ್‌ಗಿಂತ ಚೆನ್ನಾಗಿ ಮಾಡ್ತಾಳೆ, ಆದ್ರೆ ನೋಡೋಕೆ ಅಷ್ಟು ಚೆಂದ ಇಲ್ಲ, ಬಟ್ಟೆ ಸಾಧಾರಣ, ಅಪ್ಪನಿಗೆ ಕಾಯಿಲೆ, ಹಿಂದೆ ತಮ್ಮ ತಂಗೀರ ಸಾಲು. ಕೆಲಸ ಅವಳಿಗೇ ಹೆಚ್ಚು ಬೇಕಾಗಿತ್ತು, ಸಿಗೋದು ಪಾಲಿನ್‌ಗೆ. ಮುಂದೆ ಪಾಲಿನ್‌ಗೆ ಹೆಸರು ಬಂದು ಜಂಬ ನೆತ್ತಿಗೇರಿದಾಗ ಅವಳನ್ನ ಒಂದು ಶೋಗೆ ತೆಗೆದು ವಿನಿಫ್ರೆಡ್‌ನ ಸ್ಟೇಜಿಗೆ ಬಿಡ್ತಾರೆ. ಮಕ್ಕಳ ಪುಸ್ತಕದಲ್ಲಿ ಇಷ್ಟು ನೇರವಾಗಿ, ಕಣ್ಣೀರು ಗಿಣ್ಣೀರು ಹಾಕ್ಸದೆ, ಪ್ರತಿಭೆ ಒಂದೇ ಸಾಕಾಗೋದಿಲ್ಲ ಮಾರಾಯ್ತಿ ಅಂತ ಹೇಳೋದು ನನಗಂತೂ ಬಹಳ ಹಿಡಿಸ್ತು. ಮತ್ತೆ ಪೆಟ್ರೋವಾ, ಅವಳಿಗೆ ಡಾನ್ಸೇ ಬೇಡ, ಕಾರಿನ ಇಂಜಿನ್ನು, ವಿಮಾನ ಅಂದ್ರೆ ಪ್ರಾಣ, ಭಾನುವಾರ ಬಂದ್ರೆ ಗ್ಯಾರೇಜಲ್ಲೇ. ಬ್ಯಾಲೆ ಕಲೀತಾ ಬ್ಯಾಲೆ ಬೇಡ ಅನ್ನೋ ಹುಡುಗಿಗೂ ಬ್ಯಾಲೆ ಪುಸ್ತಕದಲ್ಲಿ ಜಾಗ ಇದೆ ನೋಡಿ. ನಿಜವಾಗ್ಲೂ ಡಾನ್ಸರ್ ಆಗೋದು ಪೋಸಿ ಒಬ್ಬಳೇ, ಅವಳು ಸ್ವಲ್ಪ ಸ್ವಾರ್ಥಿ, ಹುಚ್ಚು, ಟೀಚರಿಗೆ ಲಕ್ವ ಹೊಡೆದ್ರೆ ಅಯ್ಯೋ ಪಾಪ ಅನ್ನೋಕಿಂತ ಮುಂಚೆ ನನ್ನ ಕಲಿಕೆ ಗತಿ ಏನು ಅಂತಾಳೆ. ಆ ಮಾತಿಗೆ ಓದೋರಿಗೆ ಸಿಟ್ಟು ಬರತ್ತೆ, ಆದ್ರೆ ಲೇಖಕಿ ಅವಳನ್ನ ತಿದ್ದೋಕೆ ಹೋಗೋದಿಲ್ಲ.

ಇದೇ ಕಾಲದ ಇನ್ನೊಂದು ಸಂಗತಿ ಅಡ್ಡಬಾಯಿ ಹಾಕಿ ಹೇಳಿಬಿಡ್ತೇನೆ, ಭರತನಾಟ್ಯದ ರುಕ್ಮಿಣಿದೇವಿ ಅರುಂಡೇಲ್ ಮದ್ರಾಸಲ್ಲಿ ಕಲಾಕ್ಷೇತ್ರ ಅನ್ನೋ ನೃತ್ಯಶಾಲೆ ಶುರು ಮಾಡಿದ್ದೂ 1936ರಲ್ಲೇ. ಅವರು ಮೊದಲು ಕಲಿಯೋಕೆ ಹೊರಟಿದ್ದು ಬ್ಯಾಲೆ, ರಷ್ಯಾದ ಬ್ಯಾಲೆ ಡಾನ್ಸರ್ ಅನ್ನಾ ಪಾವ್ಲೋವಾ ತಮ್ಮ ತಂಡದ ಕ್ಲಿಯೋ ನೋರ್ಡಿ ಹತ್ರ ಪಾಠ ಹೇಳ್ಸಿದ್ರು, ಜೊತೆಗೆ ನಿಮ್ಮ ದೇಶದ ನೃತ್ಯಾನೂ ನೋಡ್ಕೊಳ್ಳಿ ಅಂತ ಅಂದವರೂ ಪಾವ್ಲೋವಾನೇ. ಆ ಪಾವ್ಲೋವಾ ಬಟ್ಟೆ ಒಗೆಯೋಳ ಮಗಳು. ಅಮ್ಮ ಒಂದಿನ ಕರ್ಕೊಂಡು ಹೋಗಿ 'ಸ್ಲೀಪಿಂಗ್ ಬ್ಯೂಟಿ' ತೋರಿಸಿದ್ಲು, ಅಲ್ಲಿಂದ ಶುರು. ಅವಳ ಬದುಕಿನ ಮೇಲೆ ಲಾರೆಲ್ ಸ್ನೈಡರ್ ಬರೆದು ಜೂಲಿ ಮೋರ್ಸ್ಟಾಡ್ ಚಿತ್ರ ಮಾಡಿದ 'ಸ್ವಾನ್' ಅಂತ ಒಂದು ಚಿತ್ರಪುಸ್ತಕ ಇದೆ, 2015ರದ್ದು, ಮಾತು ಕಡಿಮೆ, ಹಿಮ ಜಾಸ್ತಿ. ಇಂಗ್ಲಿಷು ಸುಲಭ, ಆದ್ರೆ ಕೊನೇಲಿ ಅವಳು ಸಾಯ್ತಾಳೆ, ಓದೋಕೆ ಮುಂಚೆ ಅದು ನಿಮಗೆ ಗೊತ್ತಿರ್ಲಿ.

ಈಗ ನಿಮ್ಮ ಮಾಣಿ ವಿಷಯ. ಹುಡ್ಗೀರ ಕುಣಿತ ಅಂತಾನಾ? ಅವ್ನಿಗೆ ಒಂದು ಕೇಳಿ, ನಮ್ಮ ಆಟದಲ್ಲಿ ದ್ರೌಪದಿ, ದಮಯಂತಿ ಮಾಡ್ತಾ ಬಂದವರು ಯಾರು ಮಾರಾಯ ಅಂತ. ಬ್ಯಾಲೆನೂ ಶುರುವಿಗೆ ಹಾಗೇ ಇತ್ತು. ಫ್ರಾನ್ಸಿನ ರಾಜ ಹದಿನಾಲ್ಕನೇ ಲೂಯಿ 14ನೇ ವಯಸ್ಸಿಗೆ, 1653ರಲ್ಲಿ, ಸೂರ್ಯನ ವೇಷ ಹಾಕಿ ಕುಣಿದಿದ್ದ, 1661ರಲ್ಲಿ ಡಾನ್ಸಿಗೇ ಅಂತ ಅಕಾಡೆಮಿ ಮಾಡ್ದ. ಪ್ಯಾರಿಸಿನ ಒಪೆರಾ ಸ್ಟೇಜ್ ಮೇಲೆ ವೃತ್ತಿಪರ ಹೆಂಗಸರು ಕುಣಿದಿದ್ದು 1681ರಲ್ಲಿ, ಅದಕ್ಕೂ ಮುಂಚೆ ಅಲ್ಲಿ ಸ್ತ್ರೀವೇಷ ಗಂಡಸರದ್ದೇ.

ಆ ಮಾಣಿಗೆ ನಾನು ಕೊಡೋದು ಲಿ ತ್ಸುನ್‌ಶಿನ್ ಕಥೆ. 1961ರಲ್ಲಿ ಚೀನಾದ ಚಿಂಗ್‌ದಾವ್ ಹತ್ರದ ಹಳ್ಳೀಲಿ ಹುಟ್ಟಿದವ, ಏಳು ಗಂಡುಮಕ್ಕಳಲ್ಲಿ ಆರನೆಯವ, ಒಣಗಿಸಿದ ಗೆಣಸು ತಿಂದು ಬೆಳೆದವ. ಬೀಜಿಂಗಿನ ಡಾನ್ಸ್ ಅಕಾಡೆಮಿಗೆ ಮಕ್ಕಳನ್ನ ಆರಿಸೋಕೆ ಶಾಲೆಗೆ ಅಧಿಕಾರಿಗಳು ಬರ್ತಾರೆ, ಇವ್ನನ್ನ ಬಿಟ್ಟು ಹೊರಟೇ ಹೋಗ್ತಿದ್ರು, ಕೊನೇ ಗಳಿಗೇಲಿ ಟೀಚರು "ಇವ್ನನ್ನ ನೋಡಿ" ಅಂದಿದ್ದಕ್ಕೆ ಆಯ್ಕೆ ಆಗಿದ್ದು. ಅಕ್ಕೋರೇ, ಈ ಭಾಗ ಓದಿದ್ರೆ ನಿಮಗೇ ಏನೋ ಒಂಥರಾ ಆಗತ್ತೆ. 11ನೇ ವಯಸ್ಸಿಗೆ ಮನೆ ಬಿಟ್ಟು ಹೋದ, ಬ್ಯಾಲೆ ಅಂದ್ರೆ ಏನು ಅಂತಾನೂ ಗೊತ್ತಿಲ್ಲ, ಮೊದಮೊದಲು ದ್ವೇಷ, ಆಮೇಲೆ ಕಾಲಿಗೆ ಮರಳ ಚೀಲ ಕಟ್ಕೊಂಡು ಮೆಟ್ಟಿಲು ಹಾರೋಷ್ಟು ಹಠ. ಫೀ ಕಟ್ಟಿದ್ದು ಸರ್ಕಾರ, ಅದಕ್ಕೆ ಬೆಲೆ ಬೇರೆ ಥರ ತೆರಬೇಕಾಯ್ತು, 1981ರಲ್ಲಿ ಅಮೆರಿಕದಲ್ಲೇ ಉಳೀತೇನೆ ಅಂದಾಗ ದೊಡ್ಡ ಗಲಾಟೆ. ದೊಡ್ಡವರಿಗೆ ಬರೆದ ಆತ್ಮಕಥೆ 'ಮಾವೋಸ್ ಲಾಸ್ಟ್ ಡಾನ್ಸರ್', 2003. ಅದನ್ನೇ ಮಕ್ಕಳಿಗೆ ಚಿಕ್ಕದು ಮಾಡಿ, ಆನ್ ಸ್ಪಡ್ವಿಲಾಸ್ ಚಿತ್ರದ ಜೊತೆ 'ದಿ ಪೆಸೆಂಟ್ ಪ್ರಿನ್ಸ್' ಅಂತ 2007ರಲ್ಲಿ ಬಂತು, ನಿಮ್ಮ ಕ್ಲಾಸಿಗೆ ಅದು ಸಾಕು. ಆತ್ಮಕಥೇಲಿ ಅವನ ಅಪ್ಪ ಒಂದು ಕಥೆ ಹೇಳ್ತಾನೆ, ಬಾವಿ ಒಳಗಿನ ಕಪ್ಪೆದು. ನಮ್ಮ ಕೂಪ ಮಂಡೂಕನೇ ಚೀನಾದಲ್ಲೂ ಕೂತಿದೆ ಅಂತ ಮಕ್ಕಳಿಗೆ ಖುಷಿ ಆಗತ್ತೆ.

'ಬಿಲ್ಲಿ ಎಲಿಯಟ್' ಹೆಚ್ಚಿನವರಿಗೆ 2000ದ ಸಿನಿಮಾ ಅಂತಲೇ ಗೊತ್ತು, ಮಾರನೇ ವರ್ಷ ಮೆಲ್ವಿನ್ ಬರ್ಗೆಸ್ ಅದನ್ನ ಕಾದಂಬರಿ ಮಾಡಿದ್ರು. ಇಂಗ್ಲೆಂಡಿನ ಕಲ್ಲಿದ್ದಲು ಗಣಿ ಕಾರ್ಮಿಕರ 1984-85ರ ಮುಷ್ಕರ, ಅಪ್ಪ ಬಾಕ್ಸಿಂಗ್ ಕಲಿ ಅಂತ 50 ಪೆನ್ಸ್ ಕೊಟ್ರೆ ಮಗ ಅದನ್ನ ಬ್ಯಾಲೆ ಕ್ಲಾಸಿಗೆ ಕೊಡ್ತಾನೆ, ಕೊನೆಗೆ ಮಗನ ಆಡಿಶನ್ನಿಗೆ ದುಡ್ಡಿಲ್ಲ ಅಂತ ಅದೇ ಅಪ್ಪ ಮುಷ್ಕರ ಮುರಿದು ಕೆಲಸಕ್ಕೆ ಹೊರಡ್ತಾನೆ. ನನ್ನ ಫೀ ಪರೀಕ್ಷೆಗೆ ಇದಕ್ಕಿಂತ ಒಳ್ಳೆ ಉತ್ತರ ಸಿಕ್ಕೋದು ಕಷ್ಟ. ಬೈಗುಳ ಧಾರಾಳವಾಗಿ ಇದೆ, ಆರನೇ ಕ್ಲಾಸಿಗೆ ಬೇಡ, ಹೈಸ್ಕೂಲ್ ಮಕ್ಕಳಿಗೆ ಇರ್ಲಿ.

ಹುಡುಗನ ಕಥೆಗಳಲ್ಲಿ ನನಗೆ ಹೆಚ್ಚು ಇಷ್ಟ ರೂಮರ್ ಗಾಡೆನ್ ಬರೆದ 'ಥರ್ಸ್‌ಡೇಸ್ ಚಿಲ್ಡ್ರನ್', 1984. ಈ ಲೇಖಕಿ ಬೆಳೆದಿದ್ದು ಬಂಗಾಳದ ನಾರಾಯಣಗಂಜಲ್ಲಿ, ಮದುವೆಗೂ ಮುಂಚೆ ಕಲ್ಕತ್ತೆಯಲ್ಲಿ ಸ್ವಂತ ಡಾನ್ಸ್ ಶಾಲೆ ನಡೆಸಿದವರು, ಕಲಿಸೋ ಕಷ್ಟ ಒಳಗಿಂದ ಗೊತ್ತಿದ್ದವರು. ಕಥೆ ಏನಂದ್ರೆ ತರಕಾರಿ ಅಂಗಡಿಯವನ ಮನೆ, ಅಮ್ಮನಿಗೆ ಮಗಳು ಕ್ರಿಸ್ಟಲ್ ದೊಡ್ಡ ಡಾನ್ಸರ್ ಆಗ್ಬೇಕು, ಎಲ್ಲಾ ದುಡ್ಡು, ಗಮನ ಅವಳಿಗೇ. ಚಿಕ್ಕವ ಡೂನ್‌ನ ಮನೇಲಿ ನೋಡ್ಕೊಳ್ಳೋರಿಲ್ಲ ಅಂತ ಅಕ್ಕನ ಕ್ಲಾಸಿಗೆ ಎಳ್ಕೊಂಡು ಹೋಗ್ತಾರೆ, ಮೂಲೇಲಿ ಕೂತು ನೋಡ್ತಾ ನೋಡ್ತಾ ಕಲಿತದ್ದು ಅವನೇ. ಆಟದ ಚೌಕಿ, ಅಂದ್ರೆ ವೇಷ ಹಾಕೋ ಜಾಗದ ಮೂಲೇಲಿ ನಿದ್ದೆಗೆಟ್ಟು ಕೂತು ಹೆಜ್ಜೆ ಕಲಿತ ಮಕ್ಕಳನ್ನ ನೋಡಿದ ನಮಗೆ ಇದು ಹೊಸತಲ್ಲ. ಪುಸ್ತಕ ದಪ್ಪ ಇದೆ, ನಿಧಾನ ಇದೆ, ಎಂಟು ಒಂಬತ್ತನೇ ಕ್ಲಾಸಿನ ಓದೋ ಹುಚ್ಚಿನ ಮಕ್ಕಳಿಗೆ ಸರಿ.

ಹಾಗಾಗಿ ಬ್ಯಾಲೆ ನೋಡದ ಮಕ್ಕಳಿಗೆ ಅರ್ಥ ಆಗತ್ತಾ ಅಂದ್ರಲ್ಲ, ನಮ್ಮ ಕಡೆ ಮಕ್ಕಳಿಗೆ ಬೆಂಗಳೂರಿನ ಮಕ್ಕಳಿಗಿಂತ ಬೇಗ ಅರ್ಥ ಆಗತ್ತೆ ಅಂತಲೇ ನನ್ನ ಅಭಿಪ್ರಾಯ. ಗುಣವಂತೆಯ ಶ್ರೀಮಯ ಕಲಾಕೇಂದ್ರದಂಥ ಕಡೆ ಮಕ್ಕಳು ಹೆಜ್ಜೆ ಕಲಿಯೋದು ನೋಡಿದವರಿಗೆ, ಆಟದಲ್ಲಿ ಮಂಡಿ ಊರಿ ತಿರುಗಿ ಮೊಣಕಾಲು ಊದಿಸ್ಕೊಂಡು ಮನೆಗೆ ಬಂದ ಮಾಣಿಗೆ, ಬ್ಯಾಲೆ ಕ್ಲಾಸಲ್ಲಿ ಕಂಬಿ ಹಿಡ್ಕೊಂಡು ಮೊಣಕಾಲು ಬಗ್ಸೋದು ಎತ್ತೋದು ಗಂಟೆಗಟ್ಲೆ ಯಾಕೆ ಮಾಡ್ತಾರೆ ಅಂತ ಪಾಠ ಮಾಡ್ಬೇಕಾ? ವ್ಯತ್ಯಾಸಾನೂ ಹೇಳಿ. ಅಲ್ಲಿ ಮಾತಿಲ್ಲ, ಅರ್ಥ ಹೇಳೋರಿಲ್ಲ, ಸ್ಟೇಜ್ ಪಕ್ಕ ಪದ ಹೇಳೋ ಭಾಗವತರಿಲ್ಲ, ಇಡೀ ಕಥೆ ಮೈಯಲ್ಲೇ ದಾಟ್ಬೇಕು. ಶಿವರಾಮ ಕಾರಂತರು ಯಕ್ಷಗಾನ ಬ್ಯಾಲೆ ಅಂತ ಪ್ರಯೋಗ ಮಾಡಿದಾಗ ಮಾತು ಕತ್ತರಿಸಿ ಕುಣಿತ ಮುಂದೆ ತಂದಿದ್ದು ಇದೇ ಲೆಕ್ಕದಲ್ಲಿ, ಹಿಮ್ಮೇಳಕ್ಕೆ ವಯಲಿನ್ನು, ಸ್ಯಾಕ್ಸೋಫೋನು ಸೇರಿಸಿದ್ರು, ಎಷ್ಟೋ ಜನ ಬೈದ್ರು. ನನಗೂ ಅರ್ಥಗಾರಿಕೆ, ಅಂದ್ರೆ ಪಾತ್ರಗಳ ಮಾತು ಇಲ್ಲದ ಆಟ ಸಪ್ಪೆನೇ, ಆದ್ರೆ ಅವರು ಎಂತ ಹುಡುಕ್ತಿದ್ರು ಅನ್ನೋದು ಬ್ಯಾಲೆ ನೋಡಿದ ಮೇಲೆ ಹೆಚ್ಚು ಗೊತ್ತಾಗತ್ತೆ.

ಇನ್ನು ಪುಸ್ತಕ ತರಿಸೋಕೆ ದುಡ್ಡಿಲ್ಲ ಅಂದ್ರೆ ನೀವೇ ಕಥೆ ಹೇಳಿ. ಎಷ್ಟೋ ಬ್ಯಾಲೆ ಹುಟ್ಟಿದ್ದೇ ಪುಸ್ತಕದಿಂದ. 'ನಟ್‌ಕ್ರ್ಯಾಕರ್' ಮೂಲ ಜರ್ಮನಿಯ ಹಾಫ್‌ಮನ್ 1816ರಲ್ಲಿ ಬರೆದ ಕಥೆ, ಕ್ರಿಸ್ಮಸ್ ರಾತ್ರಿ ಗೊಂಬೆಗಳಿಗೂ ಇಲಿಗಳಿಗೂ ಯುದ್ಧ, ಏಳು ತಲೆ ಇಲಿರಾಜ, ಕೇಳಿದ್ರೆ ನಮ್ಮ ಮಕ್ಕಳು ಬಿಡ್ತಾರಾ! ಅದನ್ನ ಫ್ರಾನ್ಸಿನ ದ್ಯೂಮಾ 1844ರಲ್ಲಿ ಮೆದು ಮಾಡಿ ಬರೆದ, ಆ ರೂಪ ಹಿಡಿದು 1892ರಲ್ಲಿ ಸೇಂಟ್ ಪೀಟರ್ಸ್‌ಬರ್ಗಲ್ಲಿ ಚೈಕಾವ್ಸ್ಕಿ ಸಂಗೀತದ ಬ್ಯಾಲೆ ಬಂತು. ಹಾಫ್‌ಮನ್ ಕಥೇಲಿ ಹುಡುಗಿ ಹೆಸರು ಮಾರಿ, ಅವಳ ಗೊಂಬೆ ಹೆಸರು ಕ್ಲಾರಾ, ಬ್ಯಾಲೆಗಳಲ್ಲಿ ಸುಮಾರು ಕಡೆ ಹುಡುಗೀನೇ ಕ್ಲಾರಾ ಆಗಿಬಿಟ್ಟಿದಾಳೆ. ಆಮೇಲೆ ತಿರುಗಾ ಬ್ಯಾಲೆಯಿಂದ ಪುಸ್ತಕ, ಮಾರಿಸ್ ಸೆಂಡಾಕ್ 1983ರಲ್ಲಿ ಅಮೆರಿಕದ ಒಂದು ಕಂಪನಿಗೆ ಇದೇ ಬ್ಯಾಲೆಯ ಸೆಟ್ಟು, ವೇಷ ಮಾಡಿಕೊಟ್ರು, ಮರುವರ್ಷ ಅವರ ಚಿತ್ರದ ಜೊತೆ ಹಾಫ್‌ಮನ್ ಕಥೆ ಪುಸ್ತಕವಾಗಿ ಬಂತು. ಹಾಗೇ ಡೆನ್ಮಾರ್ಕಿನ ಕಥೆಗಾರ ಆಂಡರ್ಸನ್, ಚಮ್ಮಾರನ ಮಗ, 14ನೇ ವಯಸ್ಸಿಗೆ ಕೋಪನ್‌ಹೇಗನ್ನಿಗೆ ಹೊರಟು ಬಂದು ಬ್ಯಾಲೆ ಸೇರೋಕೂ ನೋಡಿದವ, ಅವನ ತವರದ ಸಿಪಾಯಿ ಪ್ರೀತಿಸೋದು ಒಂಟಿಕಾಲಲ್ಲಿ ನಿಂತ ಕಾಗದದ ಡಾನ್ಸರ್‌ನ. ಅದನ್ನ ಹೇಳಿ. ಅವನದೇ ಕೆಂಪು ಶೂ ಕಥೆ ಮಾತ್ರ ಬೇಡ, ಅದ್ರಲ್ಲಿ ಹುಡುಗಿ ಕಾಲೇ ಕಡೀತಾರೆ.

ಒಂದು ಎರಡನೇ ಕ್ಲಾಸಿನ ಪುಟಾಣಿಗಳಿಗೆ 'ಆಂಜೆಲಿನಾ ಬ್ಯಾಲೆರಿನಾ' ಸಾಕು, 1983ರದ್ದು, ಇಲಿಮರಿ ಮನೆ ತುಂಬಾ ಕುಣಿದು ಪಾತ್ರೆ ಪಗಡೆ ಬೀಳಿಸೋದು, ಹೆಲೆನ್ ಕ್ರೇಗ್ ಚಿತ್ರದಲ್ಲಿ ಅಡುಗೆಮನೆ ನೋಡೋದೇ ಚೆಂದ. 'ಡಾಗ್ಸ್ ಡೋಂಟ್ ಡೂ ಬ್ಯಾಲೆ' ನಗಿಸತ್ತೆ. ಲೋರ್ನಾ ಹಿಲ್ ಅವರ ಸ್ಯಾಡ್ಲರ್ಸ್ ವೆಲ್ಸ್ ಸರಣಿ 1950ರಲ್ಲಿ ಶುರುವಾಗಿ 14 ಪುಸ್ತಕ ಆಯ್ತು, ಮೊದಲ ಎರಡು ಓದಿ ಬಿಟ್ರೂ ನಷ್ಟ ಇಲ್ಲ.

ನಿಮಗೆ ಅಂತ ಕೇಳಿದ್ರಲ್ಲ, ಕಣ್ಮುಚ್ಚಿ ಗಾಡೆನ್ ಅವರದೇ 'ಎ ಕ್ಯಾಂಡಲ್ ಫಾರ್ ಸೇಂಟ್ ಜೂಡ್' ತಗೊಳ್ಳಿ, 1948. ಅದು ಟೀಚರ ಕಾದಂಬರಿ. ಲಂಡನ್ನಲ್ಲಿ ಡಾನ್ಸ್ ಶಾಲೆ, ಚಿಕ್ಕ ಥಿಯೇಟರ್ ನಡೆಸೋ ಮೇಡಂ ಹೋಲ್ಬೈನ್, ವಯಸ್ಸಾಗಿದೆ, ದೊಡ್ಡ ಕಾರ್ಯಕ್ರಮಕ್ಕೆ ಇನ್ನೇನು ಸ್ವಲ್ಪ ಹೊತ್ತಿದೆ, ಹಿಲ್ಡಾ ಅನ್ನೋ ಶಿಷ್ಯೆ ತಾನೇ ಸಂಯೋಜನೆ ಮಾಡಿದ ನೃತ್ಯ ತರ್ತಾಳೆ, ಅದು ಚೆನ್ನಾಗಿದೆ, ಚೆನ್ನಾಗಿದೆ ಅಂತಲೇ ಮೇಡಂಗೆ ಸಹಿಸೋಕಾಗಲ್ಲ. ಕಲಿಸಿದವಳಿಗೆ ಹೊಟ್ಟೆಕಿಚ್ಚು ಆಗೋದು, ಅದನ್ನ ಶಿಸ್ತು ಅಂತ ಹೆಸರಿಟ್ಟು ಮುಚ್ಚೋದು, ಆಮೇಲೆ ಅದೇ ಹೆಂಗಸು ತನ್ನನ್ನ ತಾನೇ ಮೀರೋದು, ಶಾಲೇಲಿ ಇರೋರಿಗೆ ಇದು ಬೇರೆ ಯಾರಿಗಿಂತ ಹೆಚ್ಚು ನಾಟತ್ತೆ. ಪುಸ್ತಕಾನೂ ಸಣ್ಣದು.

ಕರಾಳ ಕಥೆ ಬೇಕಂದ್ರೆ ಕ್ಯಾಥಿ ಮೇರಿ ಬುಕ್ಯಾನನ್ ಅವರ 'ದಿ ಪೇಂಟೆಡ್ ಗರ್ಲ್ಸ್'. ಚಿತ್ರಕಾರ ದೆಗಾ 1881ರಲ್ಲಿ ಪ್ರದರ್ಶನಕ್ಕಿಟ್ಟ 14 ವರ್ಷದ ಡಾನ್ಸರ್ ಹುಡುಗಿಯ ಮೇಣದ ಶಿಲ್ಪ ಇದೆಯಲ್ಲ, ನಿಜವಾದ ಬಟ್ಟೆ ಲಂಗ ಉಡಿಸಿದ್ದು, ಅದಕ್ಕೆ ನಿಂತ ಹುಡುಗಿ ಮಾರಿ ವಾನ್ ಗೋಥಮ್, ಒಗೆಯೋಳ ಮಗಳು, ಅವಳ ಕಥೆ ಇದು. ಪ್ಯಾರಿಸ್ ಒಪೆರಾದಲ್ಲಿ ಅಂಥ ಬಡ ಮಕ್ಕಳನ್ನ ಪುಟ್ಟ ಇಲಿಗಳು ಅಂತ ಕರೀತಿದ್ರು, ದುಡ್ಡಿರೋ ಚಂದಾದಾರ ಗಂಡಸರು ತೆರೆಮರೆಗೂ ಬಂದು ನಿಲ್ತಿದ್ರು. ಫೀ ಯಾರು ಕಟ್ತಿದ್ರು ಅನ್ನೋದಕ್ಕೆ ಅಲ್ಲಿನ ಉತ್ತರ ಅಸಹ್ಯ ಹುಟ್ಟಿಸತ್ತೆ, ಮಕ್ಕಳ ಕೈಗೆ ಸಿಗದ ಹಾಗೆ ಇಟ್ಕೊಳ್ಳಿ. ಅಮೆರಿಕದ ಲೇಖಕಿ ಝೆಲ್ಡಾ ಫಿಟ್ಸ್‌ಜೆರಾಲ್ಡ್ 27ನೇ ವಯಸ್ಸಿಗೆ ಹಠ ಹಿಡಿದು ಬ್ಯಾಲೆಗೆ ಇಳಿದವಳು, ಅವಳ 'ಸೇವ್ ಮಿ ದಿ ವಾಲ್ಟ್ಸ್' 1932ರಲ್ಲಿ ಬಂತು, ನಾಯಕಿಗೆ ಶೂ ಒಳಗಿನ ಅಂಟು ಗಾಯಕ್ಕೆ ಸೇರಿ ನಂಜಾಗಿ ಡಾನ್ಸೇ ಮುಗಿಯತ್ತೆ. ಭಾಷೆ ಭಾರ, ಅರ್ಧಕ್ಕೆ ಬಿಟ್ರೆ ನಾನೇನೂ ಅನ್ನೋದಿಲ್ಲ. ನಗಬೇಕು ಅಂದ್ರೆ 'ಎ ಬುಲೆಟ್ ಇನ್ ದಿ ಬ್ಯಾಲೆ', 1937, ಬ್ರಾಮ್ಸ್ ಮತ್ತು ಸೈಮನ್ ಜೋಡಿ ಬರೆದಿದ್ದು, ಸ್ಟೇಜ್ ಮೇಲೇ ಡಾನ್ಸರಿಗೆ ಗುಂಡು ಬೀಳತ್ತೆ, ಕಂಪನಿ ಮಾಲೀಕನಿಗೆ ಕೊಲೆಗಿಂತ ಮುಂದಿನ ಶೋದ ಚಿಂತೆ, ಯಕ್ಷಗಾನ ಮೇಳದ ಯಜಮಾನರನ್ನ ನೋಡಿದವರಿಗೆ ಗುರುತು ಸಿಗತ್ತೆ.

ನಿಮ್ಮ ಕ್ಲಾಸಿಗೆ ಸದ್ಯ ಎರಡೇ ತರಿಸಿ, 'ಬ್ಯಾಲೆ ಶೂಸ್', 'ದಿ ಪೆಸೆಂಟ್ ಪ್ರಿನ್ಸ್'. ಕನ್ನಡ ಮೀಡಿಯಂ ಮಕ್ಕಳಿಗೆ ಇಂಗ್ಲಿಷ್ ಪುಸ್ತಕ ಕೈಗೆ ಕೊಟ್ಟು ಓದು ಅಂದ್ರೆ ಎರಡನೇ ಪುಟಕ್ಕೆ ಮುಚ್ಚಿಡ್ತಾರೆ, ಶನಿವಾರ ಒಂದೊಂದು ಅಧ್ಯಾಯ ನೀವು ಮನೇಲಿ ಓದ್ಕೊಂಡು ಬಂದು ಕನ್ನಡದಲ್ಲಿ ಹೇಳಿ, ಮಾತುಕತೆ ಬರೋ ಕಡೆ ಮಾತ್ರ ಇಂಗ್ಲಿಷಲ್ಲಿ ಓದಿ ತೋರ್ಸಿ. ಪೆಟ್ರೋವಾ ಗ್ಯಾರೇಜಿಗೆ ಹೋಗೋ ಭಾಗ ಹಾರಿಸ್ಬೇಡಿ. ಮತ್ತೆ ಬೋರ್ಡ್ ಮೇಲೆ ಮೊದ್ಲೇ ಬರ್ದಿಡಿ, ಆಗಿನ 12 ಪೆನ್ಸಿಗೆ 1 ಶಿಲ್ಲಿಂಗ್, 20 ಶಿಲ್ಲಿಂಗಿಗೆ 1 ಪೌಂಡ್, ಯಾಕಂದ್ರೆ ಪಾಲಿನ್ ಸಂಬಳದ ಲೆಕ್ಕ ಬಂದಾಗ ಹಿಂದಿನ ಬೆಂಚಿಂದ "ಅಕ್ಕೋರೇ, ಕೈಗೆ ಎಷ್ಟು ಉಳೀತು" ಅಂತ ಕೇಳೇ ಕೇಳ್ತಾರೆ.